ಪಕ್ಕದ ಮನೆಯಲ್ಲಿಟ್ಟ ಚೀಲ

ಗದಗ, ಫೆಬ್ರವರಿ ೩೦, ೨೧೯೪

ನೂರಾ ಎಪ್ಪತ್ತು ವರ್ಷ ಹಿಂದಿರುವ ನನ್ನ ಹಿರಿಯರಿಗೆ ದಾನವ್ವನ ನಮಸ್ಕಾರ. ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ಕೇಳಬೇಡಿ, ಕ್ಯಾಲೆಂಡರು ಬದಲಾಗಿದೆ. ಕೆಲವು ಪದಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನಿಮ್ಮ ಮೇಲೆಯೇ.

ನಿಮ್ಮ ಕಾಲದಲ್ಲಿ ಗದಗದಿಂದ ಕಾರವಾರಕ್ಕೆ ಅರ್ಧ ದಿನ ಹಿಡಿಯುತ್ತಿತ್ತಂತೆ. ನಮಗೆ ಗಾಳಿಕೊಳವೆ ಇದೆ. ನೆಲದಡಿಯ ಕೊಳವೆಯಲ್ಲಿ ಗಾಳಿಯ ಒತ್ತಡಕ್ಕೆ ಓಡುವ ಗಾಡಿ ಅರ್ಧ ತಾಸಿನಲ್ಲಿ ತಲುಪಿಸುತ್ತದೆ. ಮನುಷ್ಯರಿಗೆ ಟಿಕೆಟ್ ಅಗ್ಗ, ಸಾಮಾನಿಗೆ ತೂಕದ ಮೇಲೆ ದುಬಾರಿ. ಕೈಚೀಲವೊಂದನ್ನೇ ಹಿಡಿದು ಹೋದರೆ ಆರಾಮ. ಆದರೆ ನಮ್ಮ ಮನೆಯಲ್ಲಿ ಒಂದು ದಿನದ ಪ್ರಯಾಣಕ್ಕೂ ಐವತ್ತು ಕಟಕ ರೊಟ್ಟಿ, ಎರಡು ಡಬ್ಬಿ ಶೇಂಗಾ ಚಟ್ನಿ, ಮೇಲೆ ಒಂದು ಕ್ಯಾನು ನೀರು! ಕಾರವಾರದಲ್ಲಿ ನೀರು ಸಿಗುವುದಿಲ್ಲವೇ ಎಂದರೆ ನಮ್ಮ ಯಜಮಾನರು ಸಂಗಪ್ಪನವರು, “ಆ ನೀರು ನಮಗ ಒಗ್ಗೂದಿಲ್ಲ” ಎನ್ನುತ್ತಾರೆ. ರಾಹುಕಾಲದ ಗಾಡಿಗಳಲ್ಲಿ ಅರ್ಧ ದರ, ಏಕೆಂದರೆ ಯಾರೂ ಹತ್ತುವುದಿಲ್ಲ. ನಾನು ಹತ್ತುತ್ತೇನೆ, ಕಾಲು ಚಾಚಿ ಮಲಗಿ ಹೋಗುತ್ತೇನೆ. ಇವತ್ತಿನವರೆಗೂ ರಾಹು ಬಂದು, ಸರಿದು ಕೂಡು ಎಂದಿಲ್ಲ.

ಮೊನ್ನೆ ಶುಕ್ರವಾರ ನನ್ನ ಅಕ್ಕ ನಿಂಬಕ್ಕ ಚಂದ್ರವಾಡಿಗೆ ಹೊರಟಳು. ಚಂದ್ರನ ಮೇಲೆ ನಮ್ಮವರು ಕಟ್ಟಿಕೊಂಡ ಊರು ಅದು. ಅಲ್ಲಿ ಮೈಭಾರ ಕಡಿಮೆ, ಹಾಗಾಗಿ ಮೊಣಕಾಲು ಸವೆದ ಮುದುಕರಿಗೆ ಹಿತ. ಆದರೆ ಅಲ್ಲಿಗೆ ಒಗ್ಗಿದ ಎಲುಬು ಮತ್ತೆ ಭೂಮಿಯ ಭಾರ ತಾಳುವುದಿಲ್ಲ, ಹೋದವರು ತಿರುಗಿ ಬರುವಂತಿಲ್ಲ. ಕಾರವಾರದ ನೌಕೆಕಟ್ಟೆಯಿಂದ ಮಧ್ಯಾಹ್ನ ಹನ್ನೆರಡಕ್ಕೆ ಅವಳ ನೌಕೆ. ಅವಳನ್ನು ಕಣ್ಣಾರೆ ನೋಡಲು ನನಗಿದ್ದದ್ದು ಅದೊಂದೇ ಬೆಳಿಗ್ಗೆ.

ಶುಕ್ರವಾರ ಗಳಿಗೆ ಚೆನ್ನಾಗಿಲ್ಲ ಎಂದು ಯಜಮಾನರು ಪ್ರಸ್ಥಾನ ಇಟ್ಟರು. ಇದನ್ನು ನಮಗೆ ಕಲಿಸಿದವರು ನೀವೇ: ಒಳ್ಳೆಯ ಗಳಿಗೆಯಲ್ಲಿ ಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಆಗಲೇ ಶುರುವಾಯಿತು ಎಂದು ಲೆಕ್ಕ. ಗುರುವಾರ ಸಂಜೆ ಚೀಲ ವಿರೂಪಾಕ್ಷಪ್ಪನ ಮನೆ ಸೇರಿತು. ನೌಕೆಕಟ್ಟೆಯೊಳಗೆ ಬಿಡುವ ಬಿಲ್ಲೆಗಳೂ ಅದರಲ್ಲೇ ಇದ್ದವು. ಬೆಳಿಗ್ಗೆ ಒಂಬತ್ತಕ್ಕೆ ತರಲು ಹೋದರೆ ಬಾಗಿಲಿಗೆ ಬೀಗ. ಆಸಾಮಿ ಕಟಿಂಗ್ ಅಂಗಡಿಗೆ ಹೋಗಿದ್ದ. ನಿಮ್ಮ ಫೋನಿನ ಬದಲು ನಾವು ಬೆರಳಿಗೆ ಹಾಕಿಕೊಳ್ಳುವ ಕರೆಯುಂಗುರವನ್ನು ಮನೆಯಲ್ಲೇ ಬಿಚ್ಚಿಟ್ಟಿದ್ದ. ನಾವು ಕರೆದಾಗಲೆಲ್ಲ ಅದು ಒಳಗೇ ಕೂಗುತ್ತಿತ್ತು. ಚೀಲ ಪ್ರಯಾಣದಲ್ಲಿದೆ, ನಾವು ಅವನ ಮನೆಯ ಕಟ್ಟೆಯ ಮೇಲೆ ಕೂತಿದ್ದೇವೆ!

ಹತ್ತೂವರೆಗೆ ಮಹಾಶಯ ಬಂದ. ಚೀಲ ಕೊಟ್ಟು ಕಳಿಸಿದನೇ? “ಬಾಗಿಲತನಕ ಬಂದು ಚಾ ಕುಡೀಲಾರದ ಹೋಗ್ತೀರೇನು?” ಎಂದ. ಯಜಮಾನರು ಕೂತರು. ನಾನೂ ಕೂತೆ, ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಬಾಗಿಲಲ್ಲಿ ನಿಂತು ಕಾಲು ತಾಸು ಮಾತು, ನಿಲ್ದಾಣದಲ್ಲಿ ರೊಟ್ಟಿ ಗಂಟಿನ ತೂಕ. ನೌಕೆಕಟ್ಟೆ ಮುಟ್ಟಿದಾಗ ಹನ್ನೆರಡೂ ಹತ್ತು. ಆಕಾಶದಲ್ಲಿ ಬಿಳಿ ಗೆರೆಯೊಂದೇ ಉಳಿದಿತ್ತು. ಚಟ್ನಿ ಡಬ್ಬಿ ಹಿಡಿದುಕೊಂಡೇ ಯಜಮಾನರು ಗಳಗಳನೆ ಅತ್ತರು. ನನಗೆ ಸಿಟ್ಟಿನಲ್ಲಿ ಅಳುವೂ ಬರಲಿಲ್ಲ.

ಹಿರಿಯರೇ, ನಿಮಗಿನ್ನೂ ಸಮಯವಿದೆ, ಈ ರೂಢಿಯನ್ನು ನಮ್ಮವರೆಗೆ ಬರಗೊಡಬೇಡಿ. ಬಿಲ್ಲೆ ಕಿಸೆಯಲ್ಲಿರಲಿ. ಹಸಿವಾದರೆ ಹೋದ ಊರಿನಲ್ಲಿ ಉಣ್ಣಿ. ಚಾ ಕೊಡಲು ಬಂದವರಿಗೆ ಕೈಮುಗಿದು ನಡೆಯಿರಿ, ಬೈದರೆ ಬೈಯಲಿ. ಯಾರನ್ನಾದರೂ ನೋಡಲು ಹೋಗುವುದಿದ್ದರೆ ಈ ಪತ್ರವನ್ನು ಇಲ್ಲಿಗೇ ಬಿಟ್ಟು ಹೊರಡಿ.

ಆ ಸಂಜೆ ನೌಕೆಯಿಂದ ನಿಂಬಕ್ಕನ ಸಂದೇಶ ಬಂತು. “ದಾನೀ, ಜಗಳಾ ಮಾಡಿ ಕಿಟಕಿ ಸೀಟು ತಗೊಂಡಿದ್ದೆ, ನೀವು ಕಾಣ್ತೀರಿ ಅಂತ. ದೂರದಾಗ ಹಸರ ಸೀರಿ ಉಟ್ಟಾಕಿ ಒಬ್ಬಾಕಿ ಕೈ ಬೀಸಿದಳು. ನಾನೂ ಬೀಸಿದೆ, ಕಾಣೂತನಕ ಬೀಸಿದೆ. ನೀನ ಅದು, ಹೌದಿಲ್ಲೊ?”

ಹೌದಕ್ಕ, ನಾನೇ ಎಂದು ಹೇಳಿ ಕಳಿಸಿದ್ದೇನೆ.