ಎಂಜಿನ್ನಿನ ಹಿಂದಿನ ನಲವತ್ತು ವ್ಯಾಗನ್ನುಗಳು

ಬಾಣದಗುಡ್ಡ,
ಫೆಬ್ರವರಿ ಮೂವತ್ತು, ೨೧೮೭

ರೈಲು ನೋಡಲು ಹೋಗುವ ಹಿರಿಯರೇ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಯಾವ ತಿಂಗಳಿಗೂ ಸೇರಿಸದೆ ಬಿಡುತ್ತೇವೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕನ್ನಡವನ್ನು ನಾನು ಗಣಿಗಾರಿಕೆಯ ವಿರುದ್ಧ ನಿಮ್ಮವರು ಹಂಚಿದ ಹಳೆಯ ಕರಪತ್ರಗಳಿಂದ ಕಲಿತವಳು. ಅವು ಪ್ರಶ್ನೆ ಕೇಳುವುದನ್ನು ಚೆನ್ನಾಗಿ ಕಲಿಸುತ್ತವೆ, ಕ್ಷೇಮಸಮಾಚಾರ ಕೇಳುವುದನ್ನು ಕಲಿಸುವುದಿಲ್ಲ.

ನಮ್ಮೂರಿನ ಏಳು ಓಣಿಗಳಿಗೆ ಬಾಣದಗುಡ್ಡದ ಬುಡದ ಒರತೆಯೇ ನೀರು. ಆ ಗುಡ್ಡವನ್ನು ಅದಿರಿಗಾಗಿ ಅಗೆಯಬಾರದೆಂದು ನನ್ನ ಅಜ್ಜಿಯ ಕಾಲದಲ್ಲೇ ಕಾನೂನಾಗಿದೆ. ಆದರೂ ಮೂರು ವರ್ಷದಿಂದ ಒರತೆ ಇಳಿಯುತ್ತಿದೆ. ಗುಡ್ಡ ಕಾಯಬೇಕಾದ ಗುಡ್ಡಮಂಡಳಿ ಮಳೆಯನ್ನು ದೂರುತ್ತದೆ. ನಾನು ದೂರುವುದು ಹಬೆಗಾಡಿಯನ್ನು.

ಹಬೆಗಾಡಿ ಎಂದರೆ ಪ್ರತಿ ಭಾನುವಾರ ಬೆಳಿಗ್ಗೆ ಗುಡ್ಡದ ಹಿಂದಿನಿಂದ ಬರುವ ಕಲ್ಲಿದ್ದಲಿನ ಎಂಜಿನ್ನು, ಅದರ ಬೆನ್ನಿಗೆ ನಲವತ್ತು ವ್ಯಾಗನ್ನುಗಳು. ಇದು ಹಳೆಯ ಕಾಲದ ಪ್ರದರ್ಶನ ಮಾತ್ರ, ವ್ಯಾಗನ್ನುಗಳು ಖಾಲಿ ಎಂದು ಮಂಡಳಿ ಬೋರ್ಡು ಹಾಕಿದೆ. ಖಾಲಿ ವ್ಯಾಗನ್ನಿಗೆ ಟಾರ್ಪಾಲು ಏಕೆ? ನೋಡಲು ಬಂದವರಿಗೆಲ್ಲ ಪುಕ್ಕಟೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಏಕೆ? ತಿರುವಿನಲ್ಲಿ ಜನ ನಿಂತ ಜಾಗಕ್ಕೆ ಬಂದಾಗಲೇ ಡ್ರೈವರ್ ಅಷ್ಟೊಂದು ಹೊಗೆ ಬಿಡುವುದೇಕೆ? ಚಿತ್ರ ಚೆನ್ನಾಗಿ ಬರಲೆಂದು ಎನ್ನುತ್ತಾರೆ. ಹೊಗೆ ಇಳಿಯುವುದು ಮಾತ್ರ ವ್ಯಾಗನ್ನುಗಳ ಮೇಲೆ.

ಯಂತ್ರಗಳು ಎಂಥ ಸುಳ್ಳು ಚಿತ್ರವನ್ನಾದರೂ ಹೆಣೆಯಬಲ್ಲವು. ಆದ್ದರಿಂದ ನಮ್ಮ ನ್ಯಾಯಕಟ್ಟೆ ಫಿಲ್ಮಿನ ಮೇಲೆ ಮೂಡಿದ ಚಿತ್ರವನ್ನಷ್ಟೇ ಸಾಕ್ಷಿಯೆಂದು ಒಪ್ಪುತ್ತದೆ. ಫಿಲ್ಮು ಸಿಗುವುದು ಹಬೆನೋಡುಗರ ಸಂಘಕ್ಕೆ ಮಾತ್ರ, ವಾರಕ್ಕೆ ತಲಾ ಹನ್ನೆರಡು ಚಿತ್ರದಷ್ಟು. ಕೊಡುವವರು ಯಾರು? ಮಂಡಳಿಯವರೇ. ಎಂಜಿನ್ನು ದಾಟಿದ ಕೂಡಲೇ ಎಲ್ಲರೂ ಕ್ಯಾಮೆರಾ ಇಳಿಸಿ ಚಪ್ಪಾಳೆ ತಟ್ಟಬೇಕೆಂಬುದು ಸಂಘದ ಪದ್ಧತಿ. ಮೂವತ್ತು ವರ್ಷದ ಆಲ್ಬಮ್ಮುಗಳನ್ನು ತಿರುವಿಹಾಕಿದೆ. ಎಲ್ಲ ಪುಟದಲ್ಲೂ ಎಂಜಿನ್ನು; ಸರಿಯಾಗಿ ಕಾಣುವ ವ್ಯಾಗನ್ನು ಒಂದೂ ಇಲ್ಲ.

ಸಂಘದ ಹಿರಿಯ ನನ್ನ ಸೋದರಮಾವ ಜಂಬಣ್ಣ. ಕಳೆದ ಭಾನುವಾರ ಅವನ ಕ್ಯಾಮೆರಾ ಕೇಳಿ ಪಡೆದು ತಿರುವಿಗೆ ಹೋದೆ. ಭಾರ ಹೊತ್ತ ವ್ಯಾಗನ್ನಿನ ಗಾಲಿಯ ಮೇಲಿರುವ ಸ್ಪ್ರಿಂಗಿನ ಪಟ್ಟಿಗಳು ಚಪ್ಪಟೆಯಾಗಿರುತ್ತವೆ, ಖಾಲಿಯವು ಬಿಲ್ಲಿನಂತೆ ಬಾಗಿರುತ್ತವೆ ಎಂದು ಒಂದು ಕರಪತ್ರದಲ್ಲಿ ಓದಿದ್ದೆ. ಅಂಥ ಒಂದೇ ಚಿತ್ರ ಸಾಕಿತ್ತು. ಗುಡ್ಡವನ್ನು ಕದ್ದು ಅಗೆದು ಸಾಗಿಸುತ್ತಿದ್ದಾರೆಂದು ನಾವು ನ್ಯಾಯಕಟ್ಟೆಗೆ ಕೊಟ್ಟ ದೂರಿನ ಕೊನೆಯ ವಿಚಾರಣೆ ನಾಳೆ.

"ವ್ಯಾಗನ್ ತೆಗಿತೀಯೇನವಾ?" ಎಂದು ಮಾವ ನಕ್ಕ. "ಮದ್ವಿಗೆ ಹೋಗಿ ಮದುಮಗಳ್ನ ಬಿಟ್ಟು ಆಕಿ ಚಪ್ಪಲಿ ಫೋಟೋ ತೆಗೆದಂಗಾತು."

"ಆ ಚಪ್ಪಲ್ಯಾಗ ನಮ್ಮ ಗುಡ್ಡ ಹೊಂಟೈತಿ, ಮಾವ."

"ನಿನ್ನ ಕರಪತ್ರಕ್ಕ ಬೆಂಕಿ ಹಚ್ಲಿ. ಮಿರ್ಚಿ ಆರ್ತೈತಿ, ತಿನ್ನು ಮೊದ್ಲು."

ತಿನ್ನಲಿಲ್ಲ. ಎಂಜಿನ್ನಿನ ಒಂದು ಚಿತ್ರವನ್ನೂ ತೆಗೆಯುವುದಿಲ್ಲವೆಂದು ಹಲ್ಲು ಕಚ್ಚಿ ನಿಂತೆ. ಆಮೇಲೆ ಅದು ತಿರುವಿನಲ್ಲಿ ಕಾಣಿಸಿತು. ನೀರಿನಿಂದ ಎದ್ದ ಎಮ್ಮೆಯ ಹಾಗೆ ಕಪ್ಪಗೆ ಮಿರುಗುತ್ತ, ಬಿಳಿ ಹಬೆಯನ್ನು ಎರಡೂ ಮಗ್ಗುಲಿಗೆ ಚೆಲ್ಲುತ್ತ ಬಂತು. ಕಾಲಡಿಯ ನೆಲ ನಡುಗಿತು. ಸಿಳ್ಳು ಎದೆಯೊಳಗೇ ಹೊಡೆದಂತಾಯಿತು. ನಾನು ಒತ್ತಿದೆ, ಫಿಲ್ಮು ಸುತ್ತಿದೆ, ಮತ್ತೆ ಒತ್ತಿದೆ. ಚಪ್ಪಾಳೆ ಕೇಳಿ ಎಚ್ಚರವಾದಾಗ ಹನ್ನೆರಡೂ ಮುಗಿದಿದ್ದವು.

ಆಗ ವ್ಯಾಗನ್ನುಗಳು ಬಂದವು. ಖಾಲಿ ಡಬ್ಬಿಯ ಗಡಗಡ ಸದ್ದಿಲ್ಲ. ಒಂದೊಂದೂ ಧಿಮ್ಮೆಂದು ಹಳಿಯನ್ನು ಅದುಮಿ ದಾಟಿತು. ಹೊಗೆಯ ಸಂದಿನಲ್ಲಿ, ನನ್ನಿಂದ ಹತ್ತು ಮಾರು ದೂರದಲ್ಲಿ, ಸ್ಪ್ರಿಂಗುಗಳು ರೊಟ್ಟಿಯಷ್ಟು ಚಪ್ಪಟೆಯಾಗಿದ್ದವು. ಖಾಲಿ ಕ್ಯಾಮೆರಾ ಹಿಡಿದು ನಲವತ್ತನ್ನೂ ನೋಡಿದೆ.

ಮಾವ ಚಪ್ಪಾಳೆ ತಟ್ಟುತ್ತಿದ್ದ, ಕಣ್ಣು ಮಾತ್ರ ನೆಲದ ಮೇಲಿತ್ತು.

"ಕಂಡ್ಯಾ ಮಾವ?"

"ಮೊದಲ್ನೇ ಸಲ ನನಗೂ ಹಿಂಗ ಆಗಿತ್ತವಾ," ಎಂದ. "ವ್ಯಾಗನ್ ತೆಗಿಬೇಕಂತನ ಬಂದಿದ್ದೆ ನಾನು."

ನಾನು ಮಂಡಳಿಯನ್ನು ಸಂಶಯಿಸಿದ್ದೆ, ಮಾವನನ್ನೂ ಸಂಶಯಿಸಿದ್ದೆ. ನನ್ನ ಬೆರಳನ್ನು ಸಂಶಯಿಸಲು ಯಾವ ಕರಪತ್ರವೂ ಹೇಳಿರಲಿಲ್ಲ. ನಾಳೆ ಏಳು ಓಣಿಗಳ ಪರವಾಗಿ ಹನ್ನೆರಡು ಎಂಜಿನ್ನಿನ ಚಿತ್ರ ಹಿಡಿದು ನಿಲ್ಲುತ್ತೇನೆ. ಅವು ತುಂಬ ಚೆನ್ನಾಗಿ ಬಂದಿವೆ.

ಕ್ಯಾಮೆರಾ ಇಳಿಸುವ ಪದ್ಧತಿ ನಮಗೆ ನಿಮ್ಮಿಂದ ಬಂದದ್ದು. ನಿಮ್ಮ ಕಾಲದ ಚಿತ್ರಗಳಲ್ಲೂ ಎಂಜಿನ್ನೇ ತುಂಬಿಕೊಂಡಿದೆ; ವ್ಯಾಗನ್ನುಗಳು ಅಂಚಿನಲ್ಲಿ ಕತ್ತರಿಸಿ ಹೋಗಿವೆ. ಆಗ ಯಾರೂ ಏನನ್ನೂ ಬಚ್ಚಿಡುತ್ತಿರಲಿಲ್ಲ ಎನ್ನುತ್ತೀರೇನೋ. ನಾನು ನಂಬುವುದಿಲ್ಲ. ಆದರೂ ಕೇಳುತ್ತೇನೆ, ಬೇರೊಂದು ಪದ್ಧತಿ ಹಾಕಿಕೊಡಿ. ಗೂಡ್ಸ್ ಗಾಡಿ ಬಂದಾಗ ನಿಮ್ಮನ್ನು ನೀವು ನಂಬಬೇಡಿ. ಎಂಜಿನ್ನು ದಾಟುವವರೆಗೆ ಕಣ್ಣು ಮುಚ್ಚಿಕೊಳ್ಳಿ. ಚಪ್ಪಾಳೆ ಕೇಳಿದ ಮೇಲೆ ತೆರೆದು, ಚಿತ್ರ ತೆಗೆಯಲು ಶುರುಮಾಡಿ.

ಹುಲಿಗೆಮ್ಮ
ಮೂರನೇ ಓಣಿ