ಅರ್ಧ ನಿಮಿಷದ ಸುಗುಣಾ

ಛತ್ರಪತಿ ಸಂಭಾಜಿನಗರ
೨೪ ಅಕ್ಟೋಬರ್ ೨೦೨೪

ಮೈ ಡಿಯರ್ ಡಾಟರ್ ಮೃದುಲಾ,

ಆಶೀರ್ವಾದ. ಫೋನಿನೊಳಗ ಮಾತಾಡಿದರ ಬೈದುಬಿಡ್ತೇನಿ ಅಂತ ಹೆದರಿ ಪತ್ರ ಬರೀಲಿಕ್ಕೆ ಕೂತೀನಿ. ಕನ್ನಡ ಓದಲಿಕ್ಕೆ ತಡವರಿಸಿದರೂ ಪೂರಾ ಓದು. ನಿನ್ನ ಗಂಡ ಉತ್ಕರ್ಷಗ ಮರಾಠಿಯೊಳಗ ಹೇಳೋವಾಗ ಬೈಗಳು ಕಡಿಮಿ ಮಾಡಬ್ಯಾಡ.

ಐ ಆಮ್ ಥಂಡರ್ ಸ್ಟ್ರೈಕ್. ಕಾಲೇಜಿನೊಳಗ ಇದಕ್ಕ ಬರೋಬ್ಬರಿ ಶಬ್ದ ಕಲಿಸಿದ್ದರು, ಈಗ ನೆನಪಾಗವಲ್ದು.

ನಿನ್ನೆ ಶೀನನ ಉಡುಪಿ ಹೋಟೆಲಿನೊಳಗ ಕಾಫಿ ಕುಡೀತಾ ಒಂದು ಮರಾಠಿ ದಿವಾಳಿ ವಿಶೇಷಾಂಕ ತಿರುವಿ ಹಾಕತಿದ್ದೆ. ಒಂದು ಕಥಿ ಇದ್ದರ ನಾಕು ಜಾಹೀರಾತು. ಮೊಣಕಾಲಿನ ಎಣ್ಣಿ, ಪೈಠಣಿ ಸೀರಿ. ಪುಟ ತಿರುವಿದರ ನಿಮ್ಮವ್ವ! ಸೌಟು ಹಿಡಕೊಂಡು ನಗಲಿಕ್ಕತ್ತಾಳ, ಫುಲ್ ಪೇಜ್. ಕೆಳಗ ನಿನ್ನ ಹೆಸರು, ಹೊಸಾ ಆಲ್ಬಮ್, ಪಾಡ್ಯದ ಬೆಳಗಿನ ಹಾಡಿನ ಕಚೇರಿಯೊಳಗ ನಾಶಿಕದಾಗ ಬಿಡುಗಡೆ ಅಂತ. ಅದರ ಮ್ಯಾಲೆ ದಪ್ಪ ಅಕ್ಷರದೊಳಗ, ಅಡಿಗೀಮನೀ ಅಮ್ಮನ ದನಿ ಮೊದಲ ಸಲ ಲೋಕಕ್ಕೆ.

ಲೋಕಕ್ಕ! ಮತ್ತ ನನಗ? ಆಕಿ ಹೋಗಿ ಮೂರು ವರ್ಷ ಆತು. ಆಕಿ ದನಿ ನಿನ್ನ ಫೋನಿನೊಳಗ ಉಳದದ ಅಂತ ನನಗ ಒಂದು ಜಾಹೀರಾತು ಹೇಳಬೇಕೇನು? ಅಪ್ಪಾ, ದಿವಾಳಿಗೆ ಸರ್‌ಪ್ರೈಜ್ ಅದ ಅಂತ ನೀ ಅಂದಾಗ ನಾ ಮಫ್ಲರ್ ಅಂತ ತಿಳಕೊಂಡಿದ್ದೆ. ಮಂದಿ ಮುಂದ ಎಂದೂ ಬಾಯಿ ತಗೀಲಿಲ್ಲ ಆಕಿ, ಒಗ್ಗರಣಿ ಸಪ್ಪಳದೊಳಗ ಅಷ್ಟ ಹಾಡತಿದ್ದಳು. ಅದನ್ನ ಎಣ್ಣೀ ಬಾಟಲಿ ಪಕ್ಕಕ್ಕ ಹಚ್ಚಿದಿರಿ. ದಿಸ್ ಈಸ್ ಬ್ರೀಚ್ ಆಫ್... ಏನೋ ಒಂದು.

ಪುಟದ ಮೂಲ್ಯಾಗ ಕರೇ ಚೌಕ. ಅದಕ್ಕ ಫೋನ್ ಹಿಡದರ ಅರ್ಧ ನಿಮಿಷ ಹಾಡು ಕೇಳಸ್ತದಂತ, ಉಳದದ್ದು ಬೇಕಾದರ ಆಲ್ಬಮ್ ಕೊಳ್ಳಬೇಕಂತ. ಗಲ್ಲಾದ ಮ್ಯಾಲೆ ಕೂತ ಶೀನ, ಎಂತ ರಾಯರೇ, ಇದು ನಮ್ಮ ಸುಗುಣಕ್ಕ ಅಲ್ವಾ ಮಾರಾಯ್ರೇ ಅಂತ ತನ್ನ ಫೋನ್ ಹಿಡದೇ ಬಿಟ್ಟ. ಪೂರಾ ವಾಲ್ಯೂಮ್! ಎರಡು ಸಾಲು ಹಾಡಿದಳು. ನಡುವ ಹಾಡು ನಿಲ್ಲಿಸಿ, ರೀ, ಕುಕ್ಕರ್ ಬಂದ್ ಮಾಡ್ರಿ, ಎಷ್ಟು ಸಲ ಹೇಳಬೇಕು, ಕಿವಿ ಬ್ಯಾಂಕಿನ್ಯಾಗ ಇಟ್ಟು ಬಂದೀರೇನು ಅಂದಳು. ಅಲ್ಲಿಗೆ ಕಟ್. ಹೋಟೆಲ್ ತುಂಬ ಮಂದಿ ನಕ್ಕರು. ನಾ ಸಿಟ್ಟಿಲೆ ಎದ್ದೆ, ಕಾಫಿ ಚೆಲ್ಲಿತು, ಹೊರಗ ಬಂದೆ.

ಪಾಡ್ಯ ಬರೋದರೊಳಗ ಆ ಹಾಡು ತಗದು ಹಾಕರಿ. ನಾ ನಾಶಿಕಕ್ಕ ಬರಂಗಿಲ್ಲ, ಮೊಣಕಾಲು ನೋವು.

ನಿನ್ನ ಅಪ್ಪಾ,
ಗೋವಿಂದರಾವ್

ತಾ.ಕ.: ಹಾಡು ತಗೀಬ್ಯಾಡ. ಉತ್ಕರ್ಷ ರೆಕಾರ್ಡಿಂಗ್ ಸ್ವಚ್ಛ ಮಾಡ್ತೇನಿ ಅಂತ ಆಕಿ ನನ್ನ ಬೈದದ್ದು ಕತ್ತರಿಸಿದರ ಮಾತ್ರ ನೋಡು. ಮುಂದಿನ ಸಾಲಿನೊಳಗ ನನಗೊಂದು ಖುರ್ಚಿ ಹಿಡಿ. ಆ ಅರ್ಧ ನಿಮಿಷ ಮುಗದ ಮ್ಯಾಲೆ ಆಕಿಗೆ ನಾ ಏನಂದಿದ್ದೆ ಕೇಳಬೇಕು. ಮತ್ತ, ಸಿಟ್ಟಿಲೆ ಎದ್ದದ್ದಲ್ಲ. ಆಕಿ ರೀ ಅಂದ ಕೂಡಲೆ ಬಂದೆ ಬಂದೆ ಅಂತ ಎದ್ದು ಶೀನನ ಅಡಿಗೀಮನಿಗೇ ಹೊಕ್ಕಿದ್ದೆ. ಅಡಿಗಿಯವ ಗಾಬರಿಯಾಗಿ ಏನು ಬೇಕ್ರಿ ಅಂದ. ಕುಕ್ಕರ್ ಅಂದೆ. ನನ್ನ ಮುಖ ನೋಡಿದ, ಗ್ಯಾಸ್ ಬಂದ್ ಮಾಡಿದ.