ಪಕ್ಕಕ್ಕಿಟ್ಟ ಐದು ಪಾಲು

ನಖೋನ್ ರಾಚಸೀಮಾ

ಪ್ರಿಯ ರುಂಗ್ರವೀ,

ಮೊದಲು ಸಂಗತಿಗಳು.

೧. ಗದ್ದೆಯ ಕೆಸರಿನಿಂದ ರೈತರಿಗೆ ತಗಲುವ ಜ್ವರದ ರೋಗಾಣುವಿನ ಒಂದು ಪ್ರೋಟೀನನ್ನು ನೀನು ಹರಳಾಗಿಸಿದ್ದೆ. ಅದರೊಳಗೆ ನಮ್ಮ ಔಷಧಿ ಕುಳಿತಿದೆಯೇ ಎಂಬುದೇ ಪ್ರಶ್ನೆ.

೨. ಎಕ್ಸ್‌-ರೇ ಹಾಯಿಸಿದಾಗ ಹರಳು ಮೂಡಿಸುವ ಚುಕ್ಕೆಗಳಿಂದ ಪ್ರೋಟೀನಿನ ರಚನೆ ಕಟ್ಟುತ್ತೇವೆ; ಅವುಗಳಲ್ಲಿ ನೂರಕ್ಕೆ ಐದನ್ನು ಬಳಸದೆ ಪಕ್ಕಕ್ಕಿಡುತ್ತೇವೆ. ನಾವು ಕಟ್ಟಿದ ರಚನೆ ನಿಜವೇ ಎಂದು ಆ ಐದೇ ಸಾಕ್ಷಿ ಹೇಳಬೇಕು.

೩. ನಾಲ್ಕು ತಿಂಗಳಾದರೂ ನಿನ್ನ ಕೈಯಲ್ಲಿ ದೋಷ, ಅಂದರೆ ರಚನೆಗೂ ಆ ಐದಕ್ಕೂ ಇರುವ ವ್ಯತ್ಯಾಸ, ಶೇಕಡಾ ಮೂವತ್ತೆಂಟರಿಂದ ಇಳಿಯಲಿಲ್ಲ. ನನ್ನ ಕೈಯಲ್ಲಿ ಒಂದೇ ಮಧ್ಯಾಹ್ನ ಇಪ್ಪತ್ತಾರಕ್ಕೆ ಇಳಿಯಿತು.

೪. ಔಷಧಿ ಕುಳಿತಿದೆ ಎಂಬ ಪ್ರಬಂಧ ನನ್ನ ಹೆಸರಿನಲ್ಲಿ ಪ್ರಕಟವಾಯಿತು. ನೀನು ಪಿಎಚ್.ಡಿ. ಬಿಟ್ಟು ಹೋದೆ.

ಉಳಿದದ್ದಕ್ಕೆ ಸಂಖ್ಯೆ ಹಾಕಲಾರೆ. "ಅಜಾನ್, ಇದು ಒಂದೇ ಹರಳಲ್ಲ. ಎರಡು ಒಂದರೊಳಗೊಂದು ಬೆಳ್ಕೊಂಡಿವೆ ಅನ್ಸುತ್ತೆ. ಔಷಧಿ ಜಾಗ ಖಾಲಿ ಇದೆ," ಎಂದು ನಿನ್ನ ಗುರುವಾದ ನನಗೆ ಹೇಳಿದ್ದೆ ನೀನು. ಎಲ್ಲರೆದುರು ನಾನು ಹೇಳಿದೆ: "ಎರಡಿರೋದು ಹರಳಲ್ಲ ತಾಯಿ, ನಿನ್ನ ಕಣ್ಣಿಗೇ ಹಾಗೆ ಕಾಣ್ತಿದೆ. ಹೋಗು, ಕನ್ನಡಕ ಬದಲಾಯಿಸ್ಕೊ." ಎಲ್ಲರೂ ನಕ್ಕರು. ಕೈಮುಗಿದು ನೀನೂ ನಕ್ಕೆ.

ಹೋದ ವಾರ ಹೊಸ ಹರಳೊಂದು ಹಠ ಹಿಡಿಯಿತು. ಆ ಮಧ್ಯಾಹ್ನ ಗೆದ್ದಿದ್ದ ಅದೇ ಕ್ರಮ, ಏಳು ದಿನವೂ ಸೋಲು. ಹೆದರಿ ಹಳೆಯ ದಾಖಲೆಗಳನ್ನು ಸಾಲುಸಾಲಾಗಿ ಓದಿದೆ. ಆ ಮಧ್ಯಾಹ್ನ ನಾನು ಹೊಸ ಫೈಲು ತೆರೆದಾಗ, ನೀನು ಪಕ್ಕಕ್ಕಿಟ್ಟಿದ್ದ ಐದು ಪಾಲನ್ನು ಕೈಬಿಟ್ಟು ಕಂಪ್ಯೂಟರ್ ಬೇರೆ ಐದನ್ನು ಆರಿಸಿಕೊಂಡಿತ್ತು. ರಚನೆ ಆಗಲೇ ಕಲಿತಿದ್ದ ಚುಕ್ಕೆಗಳೇ ಸಾಕ್ಷಿ ಹೇಳಿದ್ದವು. ಪ್ರಶ್ನೆಪತ್ರಿಕೆಯನ್ನು ಮೊದಲೇ ಓದಿದವನು ತೇರ್ಗಡೆಯಾದಂತೆ. ನಿನ್ನ ಐದನ್ನು ಮರಳಿ ಇಟ್ಟು ಮೊದಲಿನಿಂದ ಮಾಡಿದೆ: ಮೂವತ್ತೆಂಟು. ನೀನು ಹೇಳಿದಂತೆ ಎರಡು ಹರಳೆಂದು ಒಪ್ಪಿ ಮಾಡಿದೆ: ಇಪ್ಪತ್ತಮೂರು. ಔಷಧಿಯ ಜಾಗದಲ್ಲಿದ್ದದ್ದು ನೀರಿನ ಮೂರು ಅಣುಗಳು.

ಈ ಹೊಸ ಲೆಕ್ಕವೇ ತಪ್ಪಾಗಿರಲೆಂದು ಹನ್ನೊಂದು ಸಲ ಮತ್ತೆ ಮಾಡಿಸಿದೆ. ಐವತ್ತೆರಡರ ವಯಸ್ಸಿನಲ್ಲಿ, ಬಾಗಿಲು ಹಾಕಿಕೊಂಡು ಒಂದು ಯಂತ್ರವನ್ನು ಬೇಡಿಕೊಂಡೆ. ಅದು ಹನ್ನೊಂದು ಸಲವೂ ನಿನ್ನ ಮಾತನ್ನೇ ಹೇಳಿತು.

ನೀನೀಗ ಮೀನಿನ ಸಾಸ್ ಕಾರ್ಖಾನೆಯಲ್ಲಿ ಉಪ್ಪಿನಂಶ ಅಳೆಯುತ್ತೀಯಂತೆ. ಅಲ್ಲಿಯವರು ನಿನ್ನ ಅಳತೆಯನ್ನು ನಂಬುತ್ತಾರೆಂದು ಆಶಿಸುತ್ತೇನೆ. ಕ್ಷಮೆ ಕೇಳಿದರೆ ನಿನಗೇ ಇನ್ನೊಂದು ಕೆಲಸ ಹಚ್ಚಿದಂತೆ, ಕೇಳುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳುವ ನಿನ್ನ ಗುಣ ನನ್ನಿಂದ ಕೆಡದೆ ಉಳಿದಿರಲಿ, ನೀನು ಚೆನ್ನಾಗಿರು.

ಇಂದು ಬೆಳಿಗ್ಗೆ ಪ್ರಬಂಧವನ್ನು ಹಿಂದಕ್ಕೆ ಪಡೆದೆ. ತಪ್ಪು ನನ್ನದು, ಅದನ್ನು ಮೊದಲು ಕಂಡವಳು ನೀನು ಎಂದು ಕಾರಣದಲ್ಲಿ ಬರೆದಿದ್ದೇನೆ. ನಿನ್ನ ಪಿಎಚ್.ಡಿ.ಯನ್ನು ಬೇರೊಬ್ಬರ ಕೈಕೆಳಗೆ ಮತ್ತೆ ತೆರೆಯಲು ವಿಭಾಗವನ್ನು ಕೇಳಿದ್ದೇನೆ. ಇನ್ನು ಮುಂದೆ ನಾನು ಯಾರಿಗೂ ಮಾರ್ಗದರ್ಶಕನಾಗಿರುವುದಿಲ್ಲ.

ಥಾವೋನ್